ಐದನೆಯ ಪೆಟ್ಟು

ನಗರದ ರಾತ್ರಿಯನ್ನು ಕುರಿತು ಈಚೆಗೆ ಬರುತ್ತಿರುವ ಹಾಡುಗಳನ್ನು ಎರಡು ತಿಂಗಳು ಕುಳಿತು ಕೇಳಿದೆ. ಎಲ್ಲದರಲ್ಲೂ ಬೀದಿದೀಪವಿದೆ, ಒದ್ದೆಯಾದ ರಸ್ತೆಯಿದೆ, ಕಿಟಕಿಯಿದೆ, ಕಿಟಕಿಯ ಹಿಂದೆ ನಿದ್ದೆ ಬಾರದ ಒಬ್ಬ ತರುಣನಿದ್ದಾನೆ. ಒಂದರ ಪಲ್ಲವಿಯಲ್ಲಿ ಅಮಾವಾಸ್ಯೆ. ಅದೇ ಹಾಡಿನ ಎರಡನೆಯ ಚರಣದಲ್ಲಿ, ಅದೇ ರಾತ್ರಿ, ನಾಯಕಿಯ ಮುಖದ ಮೇಲೆ ಬೆಳದಿಂಗಳು. ಬರೆದವನು, ರಾಗ ಹಾಕಿದವನು, ಹಾಡಿದವಳು, ಧ್ವನಿಮುದ್ರಿಸಿದವನು, ಹೀಗೆ ನಾಲ್ವರ ಕೈ ದಾಟಿ ಬಂದ ಹಾಡು. ನಾಲ್ವರಲ್ಲಿ ಒಬ್ಬರೂ ತಲೆಯೆತ್ತಿ ಆಕಾಶ ನೋಡಿರಲಿಲ್ಲ.

ಶಾಸನಗಳ ತಿಥಿ, ವಾರ, ಸಂವತ್ಸರಗಳನ್ನು ತಾಳೆ ನೋಡಿ ಸಂಬಳ ಪಡೆದವನಿಗೆ ಇಂಥದನ್ನು ಕ್ಷಮಿಸುವುದು ಕಷ್ಟ. ನಿವೃತ್ತಿಯ ಬಳಿಕ ನಾನೇ ಪದ ಕಟ್ಟಿ, ನಾನೇ ಪಿಟೀಲು ನುಡಿಸಿ, ಯಾವ ಕಂಪನಿಯ ಹಂಗೂ ಇಲ್ಲದೆ ಅಂತರಜಾಲಕ್ಕೆ ಹಾಡು ಬಿಡುವ ಅಭ್ಯಾಸ ಮಾಡಿಕೊಂಡಿದ್ದೆ. ಇವರಿಗೆಲ್ಲ ಒಂದು ಪಾಠವಾಗಲಿ ಎಂದು ರಾತ್ರಿಯ ಹಾಡೊಂದನ್ನು ಮಾಡಲು ಹೊರಟೆ. ಅದು ತಿರಸ್ಕಾರದಿಂದ ಹುಟ್ಟಿದ ಹಾಡು. ಸ್ಫೂರ್ತಿ ಎಂಬ ಪದವನ್ನು ಇಲ್ಲಿ ಬಳಸಿದರೆ ಸುಳ್ಳಾಗುತ್ತದೆ.

ಮೊದಲು ನಾನಿರುವ ಚಾಮರಾಜನಗರದಲ್ಲೇ ಮೂರು ರಾತ್ರಿ ರೆಕಾರ್ಡರು ಹಿಡಿದು ತಿರುಗಿದೆ. ಒಂಬತ್ತೂವರೆಗೆ ಅಂಗಡಿಗಳ ಶಟರು ಇಳಿಯುತ್ತವೆ, ಆಮೇಲೆ ನಾಯಿಗಳು. ಮೂರನೆಯ ರಾತ್ರಿ ಗಸ್ತಿನ ಪೊಲೀಸಿನವರು ನಿಲ್ಲಿಸಿ, ಈ ವಯಸ್ಸಿನಲ್ಲಿ ಮನೆಯಲ್ಲಿ ಮಲಗಬಾರದೇ ಎಂದು ಕೇಳಿದರು. ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ನಡೆದೆ. ಆಗ ನೆನಪಾದದ್ದು ಗುಂಡ್ಲುಪೇಟೆ. ಕಾಡಿನ ನಡುವೆ ಕೇರಳಕ್ಕೆ ಹೋಗುವ ರಸ್ತೆಯನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚುತ್ತಾರೆ. ಗೇಟು ತೆಗೆಯುವವರೆಗೆ ಲಾರಿಗಳು ಪೇಟೆಯ ಅಂಚಿನ ಬಯಲಿನಲ್ಲಿ ನಿಲ್ಲುತ್ತವೆ. ಪಯಣದ ನಡುವೆ ಒಂದು ಊರಿನಷ್ಟು ಜನ ಪ್ರತಿ ರಾತ್ರಿ ಬಂದು ಮಲಗಿ ಎದ್ದು ಹೋಗುವ ಪೇಟೆ ಅದು. ಕಿಟಕಿಯ ತರುಣರಿಗೆ ಇದು ಗೊತ್ತಿಲ್ಲ ಎಂಬುದೇ ನನಗೆ ಸಾಕಷ್ಟು ಉತ್ಸಾಹ ಕೊಟ್ಟಿತು.

ವಾದ್ಯಸಂಯೋಜನೆಗೆ ಚಾಮರಾಜನಗರದ ಒಬ್ಬ ಸ್ಟುಡಿಯೋದವರನ್ನು ಗೊತ್ತುಮಾಡಿಕೊಂಡಿದ್ದೆ. ಮೊಬೈಲ್ ಅಂಗಡಿಯ ಮೇಲಿನ ಒಂದು ಕೋಣೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದರು. ಸ್ಥಳ ಗುಂಡ್ಲುಪೇಟೆ ಎಂದು ಹೇಳಿದ ಮೂರನೆಯ ದಿನಕ್ಕೆ ಒಂದು ಕರಡು ಕೇಳಿಸಿದರು. ಜೀರುಂಡೆ, ಮಳೆ, ನಡುವೆ ದೂರದಿಂದೊಂದು ರೈಲಿನ ಕೂಗು.

"ಗುಂಡ್ಲುಪೇಟೆಗೆ ರೈಲಿಲ್ಲ" ಎಂದೆ.

"ಟೌನ್ ನೈಟ್ ಅಂದ್ರೆ ಟ್ರೈನ್ ಹಾರ್ನ್ ಇರ್ಲೇಬೇಕು ಸಾರ್. ಫೀಲ್ ಬರುತ್ತೆ. ಕೇಳೋರಿಗೆ ಹೆಂಗ್ ಗೊತ್ತಾಗುತ್ತೆ?"

"ಗುಂಡ್ಲುಪೇಟೆಯವರು ಕೇಳಿದರೆ?"

"ಅವ್ರು ಯಾಕ್ ಸಾರ್ ಕೇಳ್ತಾರೆ?"

ಶಬ್ದಗಳನ್ನು ನಾನೇ ತಂದುಕೊಡುತ್ತೇನೆ, ಅಲ್ಲಿಯವರೆಗೆ ಕಂಪ್ಯೂಟರನ್ನು ಮುಟ್ಟಬೇಡಿ ಎಂದು ಹೇಳಿ ಇಳಿದು ಬಂದೆ.

ಹೊರಡುವ ಮೊದಲು ಪಂಚಾಂಗ ನೋಡಿದೆ. ನಾನು ಆರಿಸಿಕೊಂಡದ್ದು ಕೃಷ್ಣಪಕ್ಷದ ತ್ರಯೋದಶಿ. ಚಂದ್ರ ಏಳುವುದು ಬೆಳಗಿನ ಜಾವದಲ್ಲಿ, ಅದೂ ಉಗುರಿನಷ್ಟು. ನನ್ನ ಕರಡಿನ ಎರಡನೆಯ ಸಾಲಿನಲ್ಲೂ ಒಂದು ಬೆಳದಿಂಗಳು ನುಸುಳಿತ್ತು. ಅದನ್ನು ಹೊಡೆದುಹಾಕಿದೆ. ರೆಕಾರ್ಡರಿನ ಗಡಿಯಾರ, ಕೈಗಡಿಯಾರ, ಮೊಬೈಲು ಮೂರನ್ನೂ ಒಂದೇ ಸೆಕೆಂಡಿಗೆ ಹೊಂದಿಸಿದೆ. ನೋಟುಬುಕ್ಕಿನಲ್ಲಿ ತಾರೀಖು, ತಿಥಿ, ನಕ್ಷತ್ರ, ಗಾಳಿಯ ದಿಕ್ಕು ಬರೆಯಲು ಅಂಕಣ ಗೀಚಿದೆ. ಸಂಜೆಯ ಬಸ್ಸಿನಲ್ಲಿ ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಹೋಗಿ, ಲಾಡ್ಜಿನಲ್ಲಿ ಮಲಗಿ, ನಾಲ್ಕೂವರೆಗೆ ಬಯಲಿಗೆ ಬಂದೆ.

ಮೊದಲ ಅರ್ಧ ಗಂಟೆ ವ್ಯರ್ಥ. ಗೊರಕೆ, ಕೆಮ್ಮು, ಮೊಬೈಲಿನ ಅಲಾರಂ, ಯಾರೋ ಬಾಯಿ ಮುಕ್ಕಳಿಸುವ ಸದ್ದು. ಐದು ಗಂಟೆಯ ಹೊತ್ತಿಗೆ ನಾನು ಊಹಿಸದೇ ಇದ್ದ ಒಂದು ಸದ್ದು ಎದ್ದಿತು. ಚಾಲಕರು ಒಬ್ಬೊಬ್ಬರಾಗಿ ಕೆಳಗಿಳಿದು, ಕಬ್ಬಿಣದ ಲಿವರು ಹಿಡಿದು, ತಮ್ಮ ತಮ್ಮ ಲಾರಿಯನ್ನು ಒಂದು ಸುತ್ತು ಬರುತ್ತ ಪ್ರತಿಯೊಂದು ಟೈರಿಗೂ ಒಂದೊಂದು ಪೆಟ್ಟು ಹಾಕುತ್ತಿದ್ದರು. ಗಾಳಿ ತುಂಬಿದ ಟೈರು ಪೆಟ್ಟನ್ನು ತಿರುಗಿ ಎಸೆಯುತ್ತದೆ. ಲಿವರು ಪುಟಿದು ಟಣ್ ಎನ್ನುತ್ತದೆ. ಹಿಂಬದಿಯ ಚಕ್ರಗಳು ಜೋಡಿ ಜೋಡಿಯಾಗಿರುವುದರಿಂದ ಒಳಗಿನ ಟೈರು ಕಣ್ಣಿಗೆ ಬೀಳುವುದಿಲ್ಲ, ಅದರ ಗಾಳಿ ಹೋದರೂ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ. ಆದ್ದರಿಂದ ಸಂದಿಯಲ್ಲಿ ಲಿವರು ತೂರಿಸಿ ಹೊಡೆದು ಕಿವಿಯಿಂದಲೇ ಪರೀಕ್ಷಿಸಬೇಕು. ಬಯಲಿನ ತುಂಬ ಆ ಸದ್ದು. ಯಾವ ಸಂಯೋಜಕನಿಗೂ ಹೊಳೆಯದ ತಾಳವಾದ್ಯ ನನಗೆ ಸಿಕ್ಕಿತೆಂದು ಹಿಗ್ಗಿದೆ.

ಹತ್ತಿರದಲ್ಲಿದ್ದ ಆರು ಚಕ್ರದ ಲಾರಿಯ ಚಾಲಕನನ್ನು ಮಾತನಾಡಿಸಿದೆ. ಐವತ್ತರ ಆಸುಪಾಸಿನವನು, ಟವೆಲಿನಿಂದ ಕಿವಿ ಮುಚ್ಚಿ ಕಟ್ಟಿದ್ದ. ತೆರಕಣಾಂಬಿ ಮಾರ್ಕೆಟ್ಟಿನಿಂದ ಎಲೆಕೋಸು ತುಂಬಿಕೊಂಡು ಕೋಝಿಕ್ಕೋಡಿಗೆ ಹೋಗುವವನು. ಒಬ್ಬನೇ ಬಂದಿದ್ದ.

"ಟೈರ್ ಬಡ್ಯೋದ ರೆಕಾಡ್ ಮಾಡ್ಕಂಡು ಏನ್ ಮಾಡೀರಿ ಸಾ?"

"ಹಾಡು."

"ಇದ್ರಲ್ಲಿ ಏನ್ ಹಾಡು ಬಂದದು? ಆಗ್ಲಿ ಬುಡಿ, ನಾನಂತೂ ಹೊಡೀಲೇಬೇಕು, ನೀವು ಹಿಡ್ಕಳಿ."

ಕಿವಿಯ ಟವೆಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಅವನು ಎಡ ಮುಂಚಕ್ರದಿಂದ ಶುರುಮಾಡಿದ. ಮೂರನೆಯ ಪೆಟ್ಟಿಗೆ ಪಕ್ಕದಲ್ಲೊಂದು ಬಸ್ಸು ಹಾರನ್ನು ಬಾರಿಸಿತು. ಕೈಯೆತ್ತಿ ನಿಲ್ಲಿಸಿ, ಮೊದಲಿನಿಂದ ಎಂದೆ. ಎರಡನೆಯ ಸಲ ಮೈಕಿನ ಸ್ಪಂಜು ಕಳಚಿ ಬಿದ್ದು ಗಾಳಿ ಗುರುಗುಟ್ಟಿತು. ಮತ್ತೆ ಮೊದಲಿನಿಂದ ಎಂದೆ. ಅಷ್ಟರಲ್ಲಿ ನನ್ನ ತಲೆಯಲ್ಲಿ ಹಾಡಿನ ಲೆಕ್ಕ ಕೂತುಬಿಟ್ಟಿತ್ತು: ಖಂಡಛಾಪು, ಐದು ಪೆಟ್ಟಿನ ನಡೆ. ಎಡಗಡೆ ಮೂರು ಪೆಟ್ಟಾದ ಮೇಲೆ ಲಾರಿಯ ಹಿಂಬದಿಯನ್ನು ಸುತ್ತಿಕೊಂಡು ಬಲಕ್ಕೆ ಬರುವಷ್ಟರಲ್ಲಿ ಲಯ ತುಂಡಾಗುತ್ತಿತ್ತು. ಅದಕ್ಕೊಂದು ಉಪಾಯ ಹೇಳಿದೆ.

"ಹಿಂದುಗಡೆ ಬರುವಾಗ ಸ್ವಲ್ಪ ಓಡಬೇಕು. ನನ್ನ ಕೈ ನೋಡಿಕೊಂಡು ಹೊಡೆಯಿರಿ. ಐದಕ್ಕೆ ನಿಲ್ಲಿಸಿ."

"ಓಡ್ಬೇಕಾ?" ಎಂದು ನಕ್ಕ. "ನಮ್ಮ ಹೆಂಡ್ತಿ ನೋಡಿದ್ರೆ ನಮ್ಮೂರು ಉಮ್ಮತ್ತೂರ್ಗೆಲ್ಲಾ ಸಾರ್ಬುಡ್ತಾಳೆ ಸಾ, ನನ್ನ ಗಂಡ ಲಾರಿ ಸುತ್ತ ಓಡಾಡ್ತಾವ್ನೆ ಅಂತ."

ಆದರೂ ಓಡಿದ. ಏದುಸಿರು ಬಿಡುತ್ತ, ಕಣ್ಣನ್ನು ನನ್ನ ಕೈಯ ಮೇಲಿಟ್ಟು, ನಾನು ತೋರಿದ ಕ್ಷಣಕ್ಕೆ ಸರಿಯಾಗಿ ಹೊಡೆದ. ನಾಲ್ಕು ಪೆಟ್ಟು ಟಣ್ ಎಂದವು. ಐದನೆಯದು, ಬಲಗಡೆ ಹಿಂದಿನ ಒಳಟೈರು, ದಬ್ ಎಂದು ತಗ್ಗಿ ಮುಗಿಯಿತು. ಆವರ್ತದ ಕೊನೆಗೆ ಅದಕ್ಕಿಂತ ಒಳ್ಳೆಯ ಮುಕ್ತಾಯವನ್ನು ಯಾವ ಮೃದಂಗದವನೂ ಕೊಡಲಾರ ಎನಿಸಿತು. ಭೇಷ್ ಎಂದು ಕೈಯೆತ್ತಿದೆ. ಅವನು ಹಣೆ ಒರೆಸಿಕೊಂಡು, "ಬುಡಿ ಸಾ, ಸಾಕು" ಎಂದ.

ಆರನೆಯ ಟೈರನ್ನು ಅವನು ಹೊಡೆಯಲಿಲ್ಲ. ನಾನು ಅವನನ್ನು ಹಿಡಿದು ನಿಲ್ಲಿಸಿಕೊಂಡು, ಗುಂಡ್ಲು ಹೊಳೆಗೂ ಪೇಟೆಯ ಹೆಸರಿಗೂ ಇರುವ ಸಂಬಂಧವನ್ನು, ಜನ ಹೇಳುವ ಕಥೆಯಲ್ಲಿನ ಕಾಲದ ದೋಷಗಳನ್ನು ವಿವರಿಸಿದೆ. ಅವನು ಮರ್ಯಾದೆಗೆ ಹೂಂಗುಟ್ಟುತ್ತ ಕೇಳಿದ. ಅಕ್ಕಪಕ್ಕದ ಲಾರಿಗಳು ಶುರುವಾದವು. ಚೆಕ್‌ಪೋಸ್ಟಿನ ಸಾಲಿನಲ್ಲಿ ಹಿಂದೆ ಬೀಳುತ್ತೇನೆಂದು ಲಿವರನ್ನು ಸೀಟಿನ ಕೆಳಗೆಸೆದು ಹತ್ತಿ ಹೊರಟುಹೋದ.

ರಸ್ತೆಯಾಚೆ ಒಂದು ಪಂಚರ್ ಅಂಗಡಿ, ಅದರ ಮುಂದೆ ಬೆಂಚು, ಪಕ್ಕದಲ್ಲಿ ಚಹಾ. ಆರೂವರೆಗೆ ಅಲ್ಲಿ ಕುಳಿತು, ರೆಕಾರ್ಡರಿನ ಪುಟ್ಟ ಸ್ಪೀಕರಿನಲ್ಲಿ ಮೂರನೆಯ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳುತ್ತಿದ್ದೆ. ಅಂಗಡಿಯವರು ತೊಟ್ಟಿಯ ನೀರಿನಲ್ಲಿ ಒಂದು ಟ್ಯೂಬನ್ನು ಅದ್ದಿ ಗುಳ್ಳೆ ಹುಡುಕುತ್ತಿದ್ದರು. ನಾಲ್ಕನೆಯ ಸಲಕ್ಕೆ ಟ್ಯೂಬನ್ನು ಕೈಬಿಟ್ಟು ಎದ್ದು ಬಂದರು.

"ಯಜಮಾನ್ರೇ, ಅದ್ಯಾವ ಗಾಡಿ?"

"ಅದು ಹಾಡಿಗೆ..."

"ಹಾಡು ಗೀಡು ಆಮೇಲೆ. ಕಡೇದು ಗಾಳಿ ಇಲ್ದಿರೋ ಟೈರು ಕಣ್ರೀ, ಜೋಡಿ ಒಳಗಡೇದು. ಗಾಡಿ ಎಲ್ಲದೆ ಈಗ?"

"ಹೊರಟುಹೋಯಿತು."

"ಕಾಡೊಳಕ್ಕಾ? ಲೋಡ್ ಇತ್ತಾ?"

"ಎಲೆಕೋಸು."

ಅವರು ನನ್ನ ಮುಖವನ್ನು ನೋಡಿದ ರೀತಿಯನ್ನು ಇಲ್ಲಿ ವರ್ಣಿಸುವುದಿಲ್ಲ. ಭಾರ ಹೊತ್ತ ಲಾರಿಯಲ್ಲಿ ಒಳಟೈರು ಸೋತರೆ ಹೊರಟೈರು ಎರಡರ ಭಾರ ಹೊರುತ್ತದೆ, ಕಾಯುತ್ತದೆ, ತಿರುವಿನಲ್ಲಿ ಸಿಡಿಯುತ್ತದೆ. ಸಿಡಿದರೆ ಲಾರಿ ಆ ಕಡೆಗೆ ಮಗುಚುತ್ತದೆ. ಕಾಡಿನ ರಸ್ತೆಯಲ್ಲಿ ಆನೆಗಳಿರುವುದರಿಂದ ನಿಲ್ಲಿಸುವಂತಿಲ್ಲ, ಇಳಿದು ಟೈರು ಬಿಚ್ಚುವುದಂತೂ ಆಗದ ಮಾತು. ಇಷ್ಟನ್ನು ಅವರು ನಾಲ್ಕು ವಾಕ್ಯಗಳಲ್ಲಿ ಹೇಳಿ, ಗಾಡಿಯ ನಂಬರು ಕೇಳಿದರು. ನೋಟುಬುಕ್ಕು ತೆರೆದೆ. ತ್ರಯೋದಶಿ ಇತ್ತು, ನಕ್ಷತ್ರವಿತ್ತು, ಗಾಳಿಯ ದಿಕ್ಕಿತ್ತು. ನಂಬರಿರಲಿಲ್ಲ. ಹೆಸರಿರಲಿಲ್ಲ. ಹೆಸರು ಕೇಳುವ ಯೋಚನೆಯೇ ನನಗೆ ಬಂದಿರಲಿಲ್ಲ.

"ಏನೂ ಬರ್ಕಂಡಿಲ್ವಾ? ಇಷ್ಟುದ್ದ ಬರ್ದಿದ್ದೀರಲ್ಲ."

ರೆಕಾರ್ಡರು ಅಷ್ಟರಲ್ಲಿ ತಾನಾಗಿ ಮುಂದೆ ಓಡಿ, ನಾನು ಕತ್ತರಿಸಿ ಎಸೆಯಬೇಕೆಂದಿದ್ದ ತುಣುಕನ್ನು ನುಡಿಯಿತು: ಬುಡಿ ಸಾ, ಸಾಕು. ಅಂಗಡಿಯವರು ಇನ್ನೊಮ್ಮೆ ಹಾಕಿಸಿದರು.

"ಇವನಾ! ನಮ್ಮ ಉಮ್ಮತ್ತೂರೋನು. ವಾರಕ್ಕೆರಡು ಸಲ ಇಲ್ಲೇ ಟೀ ಕುಡಿಯೋದು."

ಫೋನು ಮಾಡಿದರು. ಸಂಪರ್ಕ ಸಿಗಲಿಲ್ಲ, ಕಾಡಿನೊಳಗೆ ಸಿಗ್ನಲ್ ಇಲ್ಲ. ಚೆಕ್‌ಪೋಸ್ಟಿನ ಬಳಿಯ ಚಹಾದವರಿಗೆ ಮಾಡಿದರು. ಎಲೆಕೋಸಿನ ಲಾರಿ ಗೇಟು ದಾಟಿ ಬಹಳ ಹೊತ್ತಾಯಿತೆಂದರು. ಗಡಿಯಾಚೆಯ ಒಬ್ಬ ಮಲಯಾಳಿ ಹೋಟೆಲಿನವರಿಗೆ ಮಾಡಿ, "ಚೇಟಾ, ನಮ್ಮ ವಂಡಿ, ಎಲೆಕೋಸಿನ ಲಾರಿ, ಬಂದ್ರೆ ಅಡ್ಡ ನಿಂತ್ಕಂಡಾದ್ರೂ ನಿಲ್ಸು" ಎಂದರು. ಮಾಡುವಂಥದ್ದು ಮತ್ತೇನೂ ಉಳಿಯಲಿಲ್ಲ.

ಆ ಬೆಂಚಿನ ಮೇಲೆ ಕುಳಿತು ನಾನು ನನಗೆ ಬರುವ ಏಕೈಕ ಕೆಲಸ ಮಾಡಿದೆ: ಕಾಲವನ್ನು ತಾಳೆ ನೋಡಿದೆ. ಮೂರನೆಯ ಮುದ್ರಣ ಮುಗಿದದ್ದು ಐದು ಇಪ್ಪತ್ತೇಳಕ್ಕೆ. ಅವನ ಲಾರಿ ಹೊರಟ ಸದ್ದು ಮುಂದಿನ ಮುದ್ರಣದಲ್ಲಿದೆ, ಐದು ನಲವತ್ತಕ್ಕೆ. ನಡುವೆ ಹದಿಮೂರು ನಿಮಿಷ. ಅಂಗಡಿಯವರನ್ನು ಕೇಳಿದೆ, ಹದಿಮೂರು ನಿಮಿಷದಲ್ಲಿ ಏನು ಮಾಡಬಹುದಿತ್ತು ಎಂದು. "ಇಲ್ಲಿಗೆ ತಂದು ನಿಲ್ಸಬೋದಿತ್ತು" ಎಂದರು. ನಾನು ಆ ಹೊತ್ತನ್ನು ಪೇಟೆಯ ಹೆಸರಿನ ವ್ಯುತ್ಪತ್ತಿಗೆ ಖರ್ಚು ಮಾಡಿದ್ದೆ. ಅಮಾವಾಸ್ಯೆಯಲ್ಲಿ ಬೆಳದಿಂಗಳು ಸುರಿಸಿದ ಆ ನಾಲ್ವರು ಯಾರ ಗಾಡಿಯನ್ನೂ ತಡೆದಿರಲಿಲ್ಲ, ಯಾರ ಕಿವಿಯನ್ನೂ ಕಸಿದಿರಲಿಲ್ಲ. ಅವರ ಸಾಲಿನಲ್ಲಿ, ಅವರಿಗಿಂತ ಒಂದು ಮೆಟ್ಟಿಲು ಕೆಳಗೆ, ನನ್ನನ್ನು ಕೂರಿಸಿಕೊಂಡೆ. ಕಿವಿಯಿಂದ ಬದುಕುವ ಮನುಷ್ಯನ ಕಿವಿಯನ್ನು ನನ್ನ ಕೈಸನ್ನೆಗೆ ಕಟ್ಟಿಹಾಕಿ, ಸೋತ ಟೈರಿಗೆ ಭೇಷ್ ಎಂದಿದ್ದೆ.

ಏಳು ಐವತ್ತೆರಡಕ್ಕೆ ಫೋನು ಬಂದಿತು. ಅಂಗಡಿಯವರು ಸ್ಪೀಕರು ಹಾಕಿದರು.

"ಎಲ್ಲಿದ್ದೀಯ್ಲಾ?"

"ಚೇಟನ್ ಹೋಟ್ಲು ಮುಂದೆ. ಅಡ್ಡ ನಿಂತವ್ನೆ ಮಾರಾಯ, ಗುದ್ದೇಬುಡ್ತಿದ್ದೆ. ನಿಂಗೆಂಗ್ ಗೊತ್ತಾಯ್ತು?"

"ಟೈರು?"

"ಹೊರಗಡೇದು ಕೆಂಡ ಆಗದೆ. ಕಾಡೊಳ್ಗೆ ಮೂಲೆಹೊಳೆ ಹತ್ರವೇ ಗಾಡಿ ಎಳೀತಿತ್ತು. ನಿಲ್ಲಂಗಿಲ್ಲ. ಇಪ್ಪತ್ರ ಸ್ಪೀಡಲ್ಲೇ ಬಂದೆ, ಹಿಂದ್ಗಡೆಯೋರು ಅಪ್ಪ ಅಮ್ಮ ಎಲ್ರನ್ನೂ ಬೈದವ್ರೆ. ಇಳುಕಲಲ್ಲಿ ಒಂದ್ಸಲ ಎಲೆಕೋಸಿನ ಜೊತೆ ನಾನೂ ಉಳ್ಳೋದೆ ಅನ್ಕಂಡೆ."

"ಹಾಡಿಗೆ ನಿನ್ನ ರೆಕಾಡ್ ಮಾಡ್ದೋರು ಇಲ್ಲೇ ಕೂತವ್ರೆ. ಬೈತೀಯಾ?"

"ಅವ್ರಿಗ್ಯಾಕೆ ಬೈಲಿ? ಹೊಡೆದೋನು ನಾನು. ಇಪ್ಪತ್ತೆರಡು ವರ್ಸದಿಂದ ಹೊಡೀತಾವ್ನಿ, ಒಂದ್ ದಿನ ಕೇಳಿಸ್ಕಳಲಿಲ್ಲ ಅಂದ್ರೆ ನಂದೇ ತಪ್ಪು."

ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಚಾಮರಾಜನಗರಕ್ಕೆ ಮರಳಿದ ಮೇಲೆ, ಮುದ್ರಣಗಳನ್ನೆಲ್ಲ ಸ್ಟುಡಿಯೋದ ಕಂಪ್ಯೂಟರಿಗೆ ಇಳಿಸಬೇಕಿತ್ತು. ಮೂರನೆಯದು ಬಂದಾಗ ಸಂಯೋಜಕರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

"ಸಾರ್, ಈ ಐದ್ನೇದು ಬೆಂಕಿ. ಇದನ್ನ ಲೂಪ್ ಮಾಡ್ಬುಡನ. ಇಡೀ ಹಾಡು ಇದರ ಮೇಲೇ ನಿಲ್ಲುತ್ತೆ."

ಅದು ಏನೆಂದು ವಿವರಿಸಿದೆ. ಅವರು ಗಮನವಿಟ್ಟು ಕೇಳಿದರು. ಕೇಳಿ, "ಹಂಗಾದ್ರೆ ಇನ್ನೂ ಒಳ್ಳೇದು ಸಾರ್, ಈ ಸ್ಟೋರಿನ ಕೆಳಗೆ ಬರೀಬೋದು. ಜನ ಶೇರ್ ಮಾಡ್ತಾರೆ" ಎಂದರು. ಅವರನ್ನು ಬಯ್ಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ಬೆಳಗಿನ ಆರೂವರೆಗೆ ಬೆಂಚಿನ ಮೇಲೆ ಕುಳಿತು ಅದನ್ನೇ ನಾಲ್ಕು ಸಲ ಸವಿದವನು ನಾನು. ಅವರಿಗೂ ನನಗೂ ಇದ್ದ ಅಂತರ ಒಬ್ಬ ಪಂಚರ್ ಅಂಗಡಿಯವರು ಮಾತ್ರ.

ಆ ರಾತ್ರಿ ಎರಡು ತೀರ್ಮಾನ ಮಾಡಿದೆ. ಮೂರನೆಯ ಮುದ್ರಣವನ್ನು ಅಳಿಸಲಿಲ್ಲ. ದಾಖಲೆಯನ್ನು ನಾಶಮಾಡುವುದು ನನ್ನಿಂದಾಗದು. ಅದರ ಹೆಸರನ್ನು ಬದಲಿಸಿ, "ಬಲ ಹಿಂಬದಿ ಒಳಟೈರು, ಗಾಳಿಯಿಲ್ಲ. ಹಾಡಿಗಲ್ಲ" ಎಂದು ಬರೆದಿಟ್ಟೆ. ಎರಡನೆಯದು, ತಾಳವನ್ನು ಕೈಬಿಡುವುದು. ಪೆಟ್ಟುಗಳು ಅವನ ನಡಿಗೆಯಲ್ಲಿ ಬೀಳಲಿ, ಪಿಟೀಲು ಅವನಿಗಾಗಿ ಕಾಯಲಿ. ಖಂಡಛಾಪಿನಲ್ಲಿ ಕಟ್ಟಿದ್ದ ಪದಗಳನ್ನೆಲ್ಲ ಒಡೆದು, ಅಳತೆಯಿಲ್ಲದ ನಾಲ್ಕು ಸಾಲು ಉಳಿಸಿಕೊಂಡೆ. ಇದನ್ನು ತಿಳಿಸಿದಾಗ ಸಂಯೋಜಕರು, ಪೆಟ್ಟುಗಳು ತಮ್ಮ ಕಂಪ್ಯೂಟರಿನ ತಾಳದ ಗ್ರಿಡ್ಡಿನ ಮೇಲೆ ಕೂರುವುದಿಲ್ಲ, ತಮ್ಮ ಹೆಸರು ಹಾಕಬೇಡಿ ಎಂದರು. ಹಾಕಲಿಲ್ಲ.

ಮುಂದಿನ ವಾರ ಅಂಗಡಿಯವರ ಮೂಲಕ ಹೇಳಿಕಳಿಸಿ ಮತ್ತೆ ಬಯಲಿಗೆ ಹೋದೆ. ಅವನು ಲಿವರು ಹಿಡಿದು ಇಳಿದ.

"ಇವತ್ತು ಎಷ್ಟು ಹೊಡೀಬೇಕು ಸಾ? ಓಡ್ಬೇಕೋ, ನಡೀಬೇಕೋ?"

"ನಾನಿಲ್ಲ ಎಂದುಕೊಳ್ಳಿ."

"ಇಷ್ಟುದ್ದ ಮೈಕ್ ಹಿಡ್ಕಂಡು ಇಲ್ಲ ಅನ್ಕಳೋದೆಂಗೆ?" ಎಂದ. ಆದರೆ ಮೊದಲ ಪೆಟ್ಟು ಬಿದ್ದ ಮೇಲೆ ಅವನ ಪಾಲಿಗೆ ನಿಜವಾಗಿಯೂ ನಾನಿರಲಿಲ್ಲ. ಪ್ರತಿ ಪೆಟ್ಟಿನ ಬಳಿಕ ತಲೆಯನ್ನು ಒಂದು ಕಡೆಗೆ ವಾಲಿಸಿ ನಿಲ್ಲುತ್ತಿದ್ದ. ನಡುವೆ ಒಂದು ಬಸ್ಸು ಹಾರನ್ನು ಬಾರಿಸಿತು. ಅವನು ಅದು ಹೋಗುವವರೆಗೆ ಕಾದು, ಅದೇ ಟೈರಿಗೆ ಇನ್ನೊಂದು ಪೆಟ್ಟು ಹಾಕಿದ. ಬಲಗಡೆಯ ಒಳಟೈರಿಗೆ ಮೂರು ಸಲ ಹೊಡೆದ. ಆರು ಚಕ್ರ, ಒಂದು ಸ್ಟೆಪ್ನಿ, ಒಟ್ಟು ಹತ್ತು ಪೆಟ್ಟು. ಯಾವ ಎರಡರ ನಡುವಿನ ಅಂತರವೂ ಒಂದೇ ಅಲ್ಲ. ತಾಳ ತೋರಿಸಲು ಅಭ್ಯಾಸಬಲದಿಂದ ಏಳುತ್ತಿದ್ದ ಕೈಯನ್ನು ಮೈಕಿನ ಹಿಡಿಗೇ ಒತ್ತಿಹಿಡಿದೆ.

ಆ ಹತ್ತು ಪೆಟ್ಟುಗಳ ನಡುವೆ ಪಿಟೀಲಿನ ಒಂದೊಂದು ಸ್ವರವನ್ನು ಎಳೆದು ನಿಲ್ಲಿಸುವುದಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಮುಂದಿನ ಪೆಟ್ಟು ಯಾವಾಗ ಬೀಳುತ್ತದೆಂದು ನುಡಿಸುವವನಿಗೆ ಗೊತ್ತಿರುತ್ತದೆ; ಗೊತ್ತಿಲ್ಲದವನಂತೆ ನುಡಿಸಬೇಕು. ಕಮಾನು ಪ್ರತಿ ಸಲ ಮೊದಲೇ ಸಿದ್ಧವಾಗಿ ನಿಂತು ಸಿಕ್ಕಿಬೀಳುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿ, ಆ ವಾಲಿದ ತಲೆಯನ್ನು ನೆನೆದುಕೊಂಡು ನುಡಿಸಿದ್ದು ಉಳಿಯಿತು. ಅಂತರಜಾಲಕ್ಕೆ ಬಿಡುವಾಗ ತುಂಬಬೇಕಾದ ನಮೂನೆಯೊಂದು ಹಾಡಿನ ಭಾವ ಯಾವುದೆಂದು ಕೇಳಿ ಪಟ್ಟಿ ಕೊಟ್ಟಿತು: ಪ್ರೇಮ, ವಿರಹ, ಸಂಭ್ರಮ, ವಿಶ್ರಾಂತಿ. ಯಾವುದನ್ನೂ ಒತ್ತದೆ ಮುಂದೆ ಹೋಗಲು ಅದು ಬಿಡಲಿಲ್ಲ. ವಿಶ್ರಾಂತಿಯನ್ನು ಒತ್ತಿದೆ. ಕೇಳಿದ ಕೆಲವರಲ್ಲಿ ಒಬ್ಬರು, ಮಲಗುವಾಗ ಹಾಕಿಕೊಳ್ಳಲು ಚೆನ್ನಾಗಿದೆ ಎಂದು ಬರೆದರು.

ಹಾಡನ್ನು ಅವನಿಗೆ ಕೇಳಿಸಲೆಂದು ಒಂದು ಸಂಜೆ, ಲಾರಿಗಳು ಬಯಲಿಗೆ ಬಂದು ಸೇರುವ ಹೊತ್ತಿಗೆ ಹೋದೆ. ಅವನಿನ್ನೂ ಸ್ಟಿಯರಿಂಗಿನ ಹಿಂದೆಯೇ ಇದ್ದ. ಮೊಬೈಲನ್ನು ಕಿಟಕಿಯೊಳಗೆ ಕೊಟ್ಟೆ. ಕಿವಿಗೆ ಹಿಡಿದು, ಎಂಜಿನ್ನು ಆರಿಸಿ, ಕೊನೆಯವರೆಗೂ ಕೇಳಿದ.

"ನಾಕ್ನೇದ್ರಲ್ಲಿ ಗಾಳಿ ಸ್ವಲ್ಪ ಜಾಸ್ತಿ ಆಗಿತ್ತು ಸಾ ಅವತ್ತು" ಎಂದ. "ಉಳ್ದಿದ್ದೆಲ್ಲಾ ಸರ್ಯಾಗದೆ."

ಪಿಟೀಲಿನ ವಿಷಯ ಹೇಳಲಿಲ್ಲ. ಅವನ ಫೋನಿಗೆ ಕಳಿಸುತ್ತೇನೆ, ದಾರಿಯಲ್ಲಿ ಹಾಕಿಕೊಳ್ಳಬಹುದು ಎಂದೆ.

"ಗಾಡಿ ಓಡ್ಸುವಾಗ ನಾನು ಹಾಡು ಕೇಳಾಕಿಲ್ಲ ಸಾ. ಗಾಡಿ ಕೇಳ್ಬೇಕಲ್ಲ." ಮೊಬೈಲನ್ನು ಒರೆಸಿ ನನ್ನ ಕೈಗಿಟ್ಟು ಎಂಜಿನ್ನು ಶುರುಮಾಡಿದ. "ಸ್ವಲ್ಪ ಅತ್ಲಾಗಿ ನಿಂತ್ಕಳಿ. ಹಿಂದಕ್ಕೆ ತಗೀಬೇಕು."

ಅತ್ತ ಸರಿದು ನಿಂತೆ.